ವಯಸ್ಸಾಗುತ್ತಿರುವ ದೇಶವನ್ನು ಸರ್ಕಾರ ಹೇಗೆ ನಡೆಸುತ್ತದೆ? ಜಪಾನಿನ ಲೆಕ್ಕಾಚಾರದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹಿರಿಯರ ಪಿಂಚಣಿ, ಆಸ್ಪತ್ರೆ ಖರ್ಚು, ದಿನನಿತ್ಯದ ಆರೈಕೆ ಈ ಮೂರಕ್ಕೂ ಬೇರೆ ಬೇರೆ ಖಾತೆ ತೆರೆದು, ಪ್ರತಿಯೊಂದನ್ನೂ ಗೊತ್ತಾದ ಅವಧಿಗೊಮ್ಮೆ ತೆರೆದು ನೋಡುವ ದೇಶ ಜಪಾನ್. ಅಲ್ಲಿ ಸರಿಹೋಗಿದ್ದೂ ಇದೆ, ಕೈಸುಟ್ಟುಕೊಂಡಿದ್ದೂ ಇದೆ. ಕೆಳಗಿನ ಉತ್ತರಗಳಲ್ಲಿ ಹೆಚ್ಚಿನ ಜಾಗ ಆರೈಕೆ ವಿಮೆಗೆ ಹೋಗಿದೆ. ಏಕೆಂದರೆ ಉಳಿದ ದೇಶಗಳು ಹೆಚ್ಚಾಗಿ ಎಡವುವುದು ಅಲ್ಲೇ.

ಇಷ್ಟು ದೇಶಗಳಿರುವಾಗ ಜಪಾನೇ ಏಕೆ?

ವೇಗದ ಕಾರಣಕ್ಕೆ. 65 ದಾಟಿದವರ ಪಾಲು ನೂರಕ್ಕೆ 7ರಿಂದ 14ಕ್ಕೆ ಏರಲು ಫ್ರಾನ್ಸಿಗೆ 115 ವರ್ಷ, ಸ್ವೀಡನ್ನಿಗೆ 85 ವರ್ಷ ಹಿಡಿಯಿತು. ಜಪಾನಿಗೆ ಹಿಡಿದದ್ದು 1970ರಿಂದ 1994ರವರೆಗೆ, ಬರೀ 24 ವರ್ಷ. ಈಗ ಅಲ್ಲಿ ನೂರರಲ್ಲಿ 29 ಮಂದಿ 65 ದಾಟಿದವರು. ದಕ್ಷಿಣ ಕೊರಿಯ ಇನ್ನೂ ವೇಗವಾಗಿ ಓಡುತ್ತಿದೆ: 2000ದ ಹೊತ್ತಿಗೆ ನೂರಕ್ಕೆ 7 ಇದ್ದದ್ದು 2024ರ ಕೊನೆಗೆ 20 ಮುಟ್ಟಿತು. ಆದರೆ ಕೊರಿಯ 2008ರಲ್ಲಿ ತನ್ನ ಆರೈಕೆ ವಿಮೆಯನ್ನು ಕಟ್ಟುವಾಗ ಎದುರಿಗಿಟ್ಟುಕೊಂಡದ್ದು ಜಪಾನ್ ಮತ್ತು ಜರ್ಮನಿಯ ಮಾದರಿಗಳನ್ನೇ.

ಇಷ್ಟು ಜನ ಮುದುಕರಾಗುತ್ತಾರೆ ಅಂತ ಸರ್ಕಾರಕ್ಕೆ ಮೊದಲೇ ಗೊತ್ತಾಗುವುದು ಹೇಗೆ?

ಇನ್ನು 20 ವರ್ಷಕ್ಕೆ 65 ಆಗುವವರು ಇವತ್ತೇ 45ರ ವಯಸ್ಸಿನಲ್ಲಿ ನಮ್ಮೆದುರು ಓಡಾಡುತ್ತಿದ್ದಾರೆ. ಅವರಲ್ಲಿ ಎಷ್ಟು ಜನ ಬದುಕಿರುತ್ತಾರೆ ಎಂಬುದು ಮರಣ ಕೋಷ್ಟಕದಿಂದ, ಅಂದರೆ ಯಾವ ವಯಸ್ಸಿನಲ್ಲಿ ಎಷ್ಟು ಜನ ಸಾಯುತ್ತಾರೆ ಎಂಬ ಪಟ್ಟಿಯಿಂದ, ಬಹುಮಟ್ಟಿಗೆ ಸಿಗುತ್ತದೆ. ಹಾಗಾಗಿ ಹಿರಿಯರ ಸಂಖ್ಯೆಯ ಅಂದಾಜು ದೊಡ್ಡದಾಗಿ ತಪ್ಪುವುದಿಲ್ಲ. ಜಪಾನಿನ ರಾಷ್ಟ್ರೀಯ ಜನಸಂಖ್ಯೆ ಮತ್ತು ಸಾಮಾಜಿಕ ಭದ್ರತಾ ಸಂಶೋಧನಾ ಸಂಸ್ಥೆ ಐದು ವರ್ಷಕ್ಕೊಮ್ಮೆ ಜನಗಣತಿಯ ಬೆನ್ನಿಗೆ ಹೊಸ ಅಂದಾಜು ಕೊಡುತ್ತದೆ. 2023ರಲ್ಲಿ ಹೊರಬಿದ್ದ ಅಂದಾಜಿನ ಪ್ರಕಾರ 2070ಕ್ಕೆ ಅಲ್ಲಿನ ಜನಸಂಖ್ಯೆ 8.7 ಕೋಟಿಗೆ ಇಳಿದು, ಹಿರಿಯರ ಪಾಲು ನೂರಕ್ಕೆ 38.7 ಆಗಲಿದೆ.

ತಪ್ಪುವುದು ಹುಟ್ಟುವ ಮಕ್ಕಳ ಲೆಕ್ಕ. ಫಲವಂತಿಕೆ ದರ, ಅಂದರೆ ಒಬ್ಬ ಹೆಣ್ಣಿಗೆ ಸರಾಸರಿ ಹುಟ್ಟುವ ಮಕ್ಕಳ ಸಂಖ್ಯೆ, 1989ರಲ್ಲಿ 1.57ಕ್ಕೆ ಕುಸಿದಾಗ ಇಡೀ ದೇಶ ಬೆಚ್ಚಿತು. ಆದರೂ ಆಗಿನ ಅಂದಾಜುಗಳು ಒಂದಾದ ಮೇಲೊಂದರಂತೆ ‘ಸ್ವಲ್ಪ ದಿನದಲ್ಲಿ ದರ ಮತ್ತೆ ಏರುತ್ತದೆ’ ಎಂದೇ ಗೆರೆ ಎಳೆದವು, ಅದು ಏರಲಿಲ್ಲ. 2024ರಲ್ಲಿ ದರ 1.15, ಹುಟ್ಟಿದ ಮಕ್ಕಳು ಏಳು ಲಕ್ಷಕ್ಕಿಂತ ಕಡಿಮೆ. 2023ರ ಮಧ್ಯಮ ಅಂದಾಜು ದೂರದ ಭವಿಷ್ಯಕ್ಕೆ ಹಿಡಿದಿರುವ ದರ 1.36. ಆಶಾವಾದದ ಅಂದಾಜಿನ ಮೇಲೆ ಕಟ್ಟಿದ ಪಿಂಚಣಿ ಮುಂದೆ ಕೊರತೆಗೆ ಬೀಳುತ್ತದೆ. ಆದ್ದರಿಂದ ಯಾವುದೇ ಯೋಜನೆ ಓದುವಾಗ ಮೊದಲು ನೋಡಬೇಕಾದದ್ದು ಅದು ಹಿಡಿದಿರುವ ಫಲವಂತಿಕೆ ದರವನ್ನು.

ಜಪಾನ್ ಮಾಡಿದ ಮೊದಲ ದೊಡ್ಡ ತಪ್ಪು ಯಾವುದು?

ಬೆಳವಣಿಗೆಯ ಕಾಲದಲ್ಲಿ ಉಚಿತವಾಗಿ ಕೊಟ್ಟಿದ್ದು. ಈವಾಟೆ ಪ್ರಾಂತ್ಯದ ಹಿಮ ಬೀಳುವ ಬಡ ಹಳ್ಳಿ ಸವಾಉಚಿ 1960ರಲ್ಲಿ 65 ದಾಟಿದವರಿಗೆ ಚಿಕಿತ್ಸೆ ಉಚಿತ ಮಾಡಿತು. ಅಲ್ಲಿ ಅದು ಸರಿಯಾದ ಹೆಜ್ಜೆಯೇ, ಏಕೆಂದರೆ ಜನ ದುಡ್ಡಿಲ್ಲದೆ ಡಾಕ್ಟರ ಮುಖ ನೋಡದೆ ಸಾಯುತ್ತಿದ್ದರು. 1969ರಲ್ಲಿ ಟೋಕಿಯೊ ಅದನ್ನು ಹಿಡಿಯಿತು, 1973ರಲ್ಲಿ ಇಡೀ ದೇಶಕ್ಕೆ 70 ದಾಟಿದವರ ಚಿಕಿತ್ಸೆ ಉಚಿತವಾಯಿತು. ಆದರೆ ಮನೆಗೆ ಬಂದು ನೋಡಿಕೊಳ್ಳುವ ವ್ಯವಸ್ಥೆ ಇನ್ನೂ ಇರಲಿಲ್ಲ. ಪರಿಣಾಮವಾಗಿ ಕಾಯಿಲೆ ವಾಸಿಯಾದ ಮೇಲೂ ಹಿರಿಯರು ಆಸ್ಪತ್ರೆ ಹಾಸಿಗೆಯಲ್ಲೇ ತಿಂಗಳುಗಟ್ಟಲೆ ಉಳಿದರು. ಮನೆಯಲ್ಲಿ ಎತ್ತಿ ಕೂರಿಸುವವರಿಲ್ಲ, ಆಸ್ಪತ್ರೆಯಲ್ಲಿ ಬಿಲ್ಲಿಲ್ಲ. ಅತಿ ದುಬಾರಿ ಹಾಸಿಗೆಯಲ್ಲಿ ಅತಿ ಸಾಮಾನ್ಯ ಆರೈಕೆ ನಡೆಯುತ್ತಿತ್ತು. ಹತ್ತು ವರ್ಷದಲ್ಲಿ ಸರ್ಕಾರ ಹಿಂದೆ ಸರಿಯಬೇಕಾಯಿತು. 1983ರಿಂದ ಸಣ್ಣ ಮೊತ್ತವೊಂದನ್ನು ಹಿರಿಯರೂ ಕಟ್ಟಬೇಕಾಯಿತು. 75 ದಾಟಿದವರಿಗೆ ಈಗ ಬಿಲ್ಲಿನ ನೂರಕ್ಕೆ 10, ಆದಾಯ ಹೆಚ್ಚಿದ್ದರೆ 20 ಅಥವಾ 30.

ಒಮ್ಮೆ ಸೊನ್ನೆಗೆ ಇಳಿಸಿದ ಬೆಲೆಯನ್ನು ಮತ್ತೆ ಏರಿಸುವುದು ಯಾವ ಸರ್ಕಾರಕ್ಕೂ ಸುಲಭವಲ್ಲ. 75 ದಾಟಿದವರಿಗೆ 2008ರಲ್ಲಿ ಪ್ರತ್ಯೇಕ ಆರೋಗ್ಯ ವಿಮೆ ಬಂದಾಗ ಹಿರಿಯರು ಸಿಟ್ಟಾಗಿ ಬೀದಿಗಿಳಿದರು. ಅದರಲ್ಲಿ ಸುಮಾರು ಅರ್ಧ ತೆರಿಗೆ ಹಣ, ಹತ್ತರಲ್ಲಿ ನಾಲ್ಕು ಪಾಲು ದುಡಿಯುವವರ ವಿಮೆಯಿಂದ ಬರುವ ನೆರವು, ಹಿರಿಯರೇ ಕಟ್ಟುವುದು ಹತ್ತರಲ್ಲಿ ಒಂದು ಪಾಲು. ಆ ಒಂದು ಪಾಲು ಪಿಂಚಣಿಯಿಂದ ಕಡಿತವಾಗತೊಡಗಿದ್ದೇ ಅವರ ಕಣ್ಣಿಗೆ ಬಿತ್ತು.

ಆರೈಕೆ ವಿಮೆ ಅಂದರೆ ಏನು? ಅದು ಆರೋಗ್ಯ ವಿಮೆಯೇ ಅಲ್ಲವೇ?

ಅಲ್ಲ. ಚಿಕಿತ್ಸೆ ಬೇರೆ, ಸ್ನಾನ ಮಾಡಿಸುವುದು, ಊಟ ಮಾಡಿಸುವುದು, ಶೌಚಕ್ಕೆ ಕರೆದೊಯ್ಯುವುದು, ಹಾಸಿಗೆಯಲ್ಲಿ ಮಗ್ಗುಲು ಬದಲಿಸುವುದು ಬೇರೆ. ಜಪಾನ್ ಇವೆರಡನ್ನೂ ಕಾನೂನಿನಲ್ಲೇ ಬೇರ್ಪಡಿಸಿತು. 1997ರಲ್ಲಿ ಕಾಯಿದೆ ಆಯಿತು, 2000ದ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಕೈಗೊ ಹೊಕೆನ್ ಅನ್ನುವುದು ಇದರ ಹೆಸರು. ಅದಕ್ಕೆ ಮುಂಚೆ ನಗರಸಭೆಯ ಅಧಿಕಾರಿ ಮನೆಯ ಆದಾಯ ನೋಡಿ ‘ಇವರಿಗೆ ಕೊಡಬಹುದು’ ಎಂದು ತೀರ್ಮಾನಿಸಿದರೆ ಮಾತ್ರ ನೆರವು ಸಿಗುತ್ತಿತ್ತು. ಅದನ್ನು ಪಡೆಯುವುದೇ ಮಾನಕ್ಕೆ ಕುಂದು ಎಂದು ಮಧ್ಯಮ ವರ್ಗದವರು ಹಿಂಜರಿಯುತ್ತಿದ್ದರು. ವಿಮೆ ಬಂದ ಮೇಲೆ ಕಂತು ಕಟ್ಟಿದವರಿಗೆಲ್ಲ ಅದು ಹಕ್ಕಾಯಿತು. ಬಡವ, ಶ್ರೀಮಂತ ಇಬ್ಬರೂ ಒಂದೇ ಕೌಂಟರಿನಲ್ಲಿ ಅರ್ಜಿ ಕೊಡುತ್ತಾರೆ. ಇಡೀ ವ್ಯವಸ್ಥೆ ನಿಂತಿರುವುದು ಈ ಬದಲಾವಣೆಯ ಮೇಲೆ ಎಂದು ನಮ್ಮ ಅಭಿಪ್ರಾಯ.

ಹಣ ಎಲ್ಲಿಂದ ಬರುತ್ತದೆ?

ಬಳಸುವವರು ಕಟ್ಟುವ ಪಾಲನ್ನು ಬಿಟ್ಟರೆ ಉಳಿದ ಖರ್ಚಿನಲ್ಲಿ ಅರ್ಧ ತೆರಿಗೆ, ಅರ್ಧ ಕಂತು. ತೆರಿಗೆಯ ಅರ್ಧದಲ್ಲಿ ಕೇಂದ್ರದ್ದು ನೂರಕ್ಕೆ 25, ಪ್ರಾಂತ್ಯದ್ದು 12.5, ಊರಿನ ಆಡಳಿತದ್ದು 12.5. ವೃದ್ಧಾಶ್ರಮದಂಥ ಸಂಸ್ಥೆಗಳ ಖರ್ಚಿಗೆ ಮಾತ್ರ ಕೇಂದ್ರ 20, ಪ್ರಾಂತ್ಯ 17.5. ಕಂತಿನ ಅರ್ಧವನ್ನು 65 ದಾಟಿದವರು ಮತ್ತು 40ರಿಂದ 64ರ ನಡುವಿನವರು ಹಂಚಿಕೊಳ್ಳುತ್ತಾರೆ. 2024ರಿಂದ 2026ರ ಅವಧಿಗೆ ಈ ಹಂಚಿಕೆ 23 ಮತ್ತು 27. ಹಿರಿಯರ ಸಂಖ್ಯೆ ಹೆಚ್ಚಿದಂತೆ ಅವರ ಪಾಲೂ ಹೆಚ್ಚುತ್ತದೆ.

ವಿಮಾದಾರ ದೊಡ್ಡ ಕಂಪನಿಯೂ ಅಲ್ಲ, ಕೇಂದ್ರ ಸರ್ಕಾರವೂ ಅಲ್ಲ, ಆಯಾ ಊರಿನ ಆಡಳಿತ. ಮೂರು ವರ್ಷಕ್ಕೊಮ್ಮೆ ಅದು ತನ್ನ ಊರಿನ ಖರ್ಚನ್ನು ಅಂದಾಜು ಮಾಡಿ ಕಂತು ಗೊತ್ತು ಮಾಡುತ್ತದೆ. ಲೆಕ್ಕ ಹೀಗೆ: ವರ್ಷದ ಖರ್ಚು 1,000 ಕೋಟಿ ಯೆನ್ ಆಗುವ ಊರಿನಲ್ಲಿ 65 ದಾಟಿದವರು 30,000 ಮಂದಿ ಇದ್ದಾರೆ ಎಂದುಕೊಳ್ಳಿ. ಅವರ ಪಾಲು 230 ಕೋಟಿ, ಅಂದರೆ ತಲೆಗೆ ವರ್ಷಕ್ಕೆ ಸುಮಾರು 76,667, ತಿಂಗಳಿಗೆ 6,389 ಯೆನ್. ಆದಾಯ ಕಡಿಮೆ ಇರುವವರಿಗೆ ಇದಕ್ಕಿಂತ ಕಡಿಮೆ, ಹೆಚ್ಚಿದ್ದವರಿಗೆ ಹೆಚ್ಚು. 2024ರಿಂದ ಕೇಂದ್ರದ ಮಾದರಿಯಲ್ಲಿ 13 ಹಂತಗಳಿವೆ. ವರ್ಷಕ್ಕೆ 1,80,000 ಯೆನ್‌ ಅಥವಾ ಅದಕ್ಕಿಂತ ಹೆಚ್ಚು ಪಿಂಚಣಿ ಬರುವವರಿಗೆ ಅದರಿಂದಲೇ ಕಡಿತವಾಗುತ್ತದೆ.

ದೇಶದ ಸರಾಸರಿ ಕಂತು ಮೊದಲ ಅವಧಿಯಲ್ಲಿ ತಿಂಗಳಿಗೆ 2,911 ಯೆನ್ ಇತ್ತು. ಈಗ 6,225, ಎರಡು ಪಟ್ಟಿಗಿಂತ ಹೆಚ್ಚು.

ಹಿರಿಯರೇ ತುಂಬಿರುವ ಬಡ ಊರು ದಿವಾಳಿಯಾಗುವುದಿಲ್ಲವೇ?

ಆ ಅಪಾಯ ಇದ್ದೇ ಇದೆ, ಅದಕ್ಕೆ ಎರಡು ತಡೆ ಇಟ್ಟಿದ್ದಾರೆ. ಕೇಂದ್ರದ 25ರಲ್ಲಿ 5 ಭಾಗವನ್ನು ಎಲ್ಲರಿಗೂ ಸಮನಾಗಿ ಹಂಚದೆ, 75 ದಾಟಿದವರು ಹೆಚ್ಚಿರುವ, ಆದಾಯ ಕಡಿಮೆ ಇರುವ ಊರುಗಳಿಗೆ ಹೆಚ್ಚಾಗಿ ಕೊಡುತ್ತಾರೆ. ಅಂದಾಜು ಮೀರಿ ಖರ್ಚಾದರೆ ಪ್ರಾಂತ್ಯದ ಸ್ಥಿರತಾ ನಿಧಿಯಿಂದ ಸಾಲ ಸಿಗುತ್ತದೆ. ಮುಂದಿನ ಮೂರು ವರ್ಷದ ಕಂತಿನಲ್ಲಿ ಅದನ್ನು ತೀರಿಸಬೇಕು. ಸಾಲ ಮಾಡಿದ್ದು ಕಂತು ಏರಿದಾಗ ಊರಿನವರಿಗೆ ಗೊತ್ತಾಗಿಯೇ ಆಗುತ್ತದೆ. ಮುಚ್ಚಿಡಲು ದಾರಿ ಇಲ್ಲದ್ದು ಒಳ್ಳೆಯದೇ.

ಒಬ್ಬ ಹಿರಿಯರಿಗೆ ಆರೈಕೆ ಸಿಗಲು ಏನೇನು ಮಾಡಬೇಕು?

ಮೊದಲು ನಗರಸಭೆಯ ಕೌಂಟರಿನಲ್ಲಿ ಅರ್ಜಿ. ನಂತರ ತರಬೇತಿ ಪಡೆದ ಸಮೀಕ್ಷಕರು ಮನೆಗೆ ಬಂದು 74 ಅಂಶಗಳನ್ನು ನೋಡುತ್ತಾರೆ: ಮಗ್ಗುಲು ತಿರುಗಲು ಆಗುತ್ತದೆಯೇ, ಒಂಟಿ ಕಾಲಲ್ಲಿ ನಿಲ್ಲಬಲ್ಲರೇ, ಅಂಗಿ ತೊಟ್ಟುಕೊಳ್ಳಬಲ್ಲರೇ, ಈಗ ಯಾವ ಋತು ಎಂದು ಹೇಳಬಲ್ಲರೇ, ಒಬ್ಬರೇ ಹೊರಗೆ ಹೊರಟುಬಿಡುತ್ತಾರೆಯೇ. ಮನೆಯ ವೈದ್ಯರಿಂದ ಪ್ರತ್ಯೇಕ ಅಭಿಪ್ರಾಯ ಪತ್ರ ಹೋಗುತ್ತದೆ. 74 ಉತ್ತರಗಳನ್ನು ಕಂಪ್ಯೂಟರಿಗೆ ಹಾಕಿದಾಗ ದಿನಕ್ಕೆ ಇಷ್ಟು ನಿಮಿಷದ ಆರೈಕೆ ಬೇಕು ಎಂಬ ಸಂಖ್ಯೆ ಬರುತ್ತದೆ. 25 ನಿಮಿಷ ಮುಟ್ಟಿದರೆ ಬೆಂಬಲದ ಮೊದಲ ಹಂತ, 110 ದಾಟಿದರೆ ಆರೈಕೆಯ ಐದನೇ ಹಂತ. ಒಟ್ಟು ಏಳು ಹಂತಗಳು, ಬೆಂಬಲದ್ದು ಎರಡು, ಆರೈಕೆಯದ್ದು ಐದು. ಕಂಪ್ಯೂಟರಿನ ಮಾತೇ ಕೊನೆಯಲ್ಲ. ವೈದ್ಯರು, ನರ್ಸ್, ಸಮಾಜ ಕಾರ್ಯಕರ್ತರು ಇರುವ ಮಂಡಳಿ ವೈದ್ಯರ ಪತ್ರದ ಜೊತೆ ಅದನ್ನು ಓದಿ ಹಂತವನ್ನು ಎತ್ತಬಹುದು, ಇಳಿಸಬಹುದು. ಇದೆಲ್ಲ ತಾತ್ವಿಕವಾಗಿ 30 ದಿನದೊಳಗೆ ಮುಗಿಯಬೇಕು.

ಹಂತ ಸಿಕ್ಕ ಮೇಲೆ ಕೇರ್ ಮ್ಯಾನೇಜರ್ ಒಬ್ಬರು ಬಂದು ವಾರದ ಪಟ್ಟಿ ಹಾಕುತ್ತಾರೆ. ಸೋಮವಾರ ಡೇ ಕೇರ್‌ನಲ್ಲಿ ಸ್ನಾನ ಮತ್ತು ಊಟ, ಬುಧವಾರ ಮನೆಗೆ ಸಹಾಯಕಿ, ಶುಕ್ರವಾರ ನರ್ಸ್, ಬಾಡಿಗೆಗೆ ಎತ್ತರ ಹೊಂದಿಸುವ ಮಂಚ ಎಂಬಂತೆ. ಈ ಯೋಜನೆ ಬರೆಯಲು ಆರೈಕೆಯ ಹಂತಗಳವರಿಂದ ಅವರು ದುಡ್ಡು ತೆಗೆದುಕೊಳ್ಳುವುದಿಲ್ಲ, ಪೂರ್ತಿ ವಿಮೆಯೇ ಕೊಡುತ್ತದೆ.

ಸಮೀಕ್ಷೆಯ ದಿನ ಏನು ತಪ್ಪಾಗುತ್ತದೆ?

ಹೊರಗಿನವರು ಬಂದ ಕೂಡಲೇ ಹಿರಿಯರು ಸೊಂಟ ನೆಟ್ಟಗೆ ಮಾಡಿ ‘ನನಗೆಲ್ಲ ಆಗುತ್ತದೆ’ ಎಂದುಬಿಡುತ್ತಾರೆ. ಹಿಂದಿನ ರಾತ್ರಿ ನಾಲ್ಕು ಸಲ ಶೌಚಕ್ಕೆ ಎತ್ತಿಕೊಂಡು ಹೋಗಿದ್ದ ಮಗಳು ಪಕ್ಕದಲ್ಲಿ ಬಾಯಿ ಬಿಡುವುದಿಲ್ಲ. ಹಂತ ಕಡಿಮೆ ಬರುತ್ತದೆ. ಆದ್ದರಿಂದ ಮನೆಯವರು ಒಂದು ವಾರದ ಟಿಪ್ಪಣಿ ಬರೆದಿಟ್ಟು, ಸಮೀಕ್ಷಕರಿಗೆ ಹಿರಿಯರ ಎದುರಲ್ಲದೆ ಬಾಗಿಲ ಬಳಿ ಕೊಡಬೇಕು ಎಂಬುದು ಅಲ್ಲಿ ಎಲ್ಲ ಕೇರ್ ಮ್ಯಾನೇಜರುಗಳೂ ಹೇಳುವ ಮಾತು.

ಎರಡನೆಯ ತೊಂದರೆ ಲೆಕ್ಕದ ಸೂತ್ರದ್ದು. ಮರೆವಿನ ಕಾಯಿಲೆಯಾದ ಡಿಮೆನ್ಶಿಯಾ ಇದ್ದು, ಕೈಕಾಲು ಗಟ್ಟಿಯಾಗಿರುವವರಿಗೆ ಆರಂಭದ ಸೂತ್ರದಲ್ಲಿ ನಿಮಿಷಗಳು ಕಡಿಮೆ ಬರುತ್ತಿದ್ದವು. ನಿಜವಾಗಿ ಅಂಥವರನ್ನು ಕಾಯುವುದೇ ಹೆಚ್ಚು ಕಷ್ಟ. ಮುಂದೆ ಸೂತ್ರ ತಿದ್ದಿದರು. 2009ರ ತಿದ್ದುಪಡಿಯಲ್ಲಿ ಅನೇಕರ ಹಂತ ಏಕಾಏಕಿ ಇಳಿದು ಗಲಾಟೆಯಾಯಿತು, ಅದೇ ವರ್ಷ ಅಕ್ಟೋಬರಿನಲ್ಲಿ ಮತ್ತೆ ಸರಿಪಡಿಸಬೇಕಾಯಿತು. ಫಲಿತಾಂಶ ಒಪ್ಪದಿದ್ದರೆ ಪ್ರಾಂತ್ಯದ ಮಟ್ಟದಲ್ಲಿ ಮೇಲ್ಮನವಿ ಇದೆ. ಆದರೆ ಅದು ನಿಧಾನ. ಸ್ಥಿತಿ ಬದಲಾಗಿದೆ ಎಂದು ಹೊಸದಾಗಿ ಹಂತ ಬದಲಾವಣೆಯ ಅರ್ಜಿ ಹಾಕುವುದು ಬೇಗ ಫಲ ಕೊಡುತ್ತದೆ.

ತಿಂಗಳಿಗೆ ಎಷ್ಟು ಸೇವೆ ಸಿಗುತ್ತದೆ, ಕೈಯಿಂದ ಎಷ್ಟು ಹೋಗುತ್ತದೆ?

ಮಿತಿಯನ್ನು ಅಂಕಗಳಲ್ಲಿ ಇಟ್ಟಿದ್ದಾರೆ. ಒಂದು ಅಂಕಕ್ಕೆ 10 ಯೆನ್, ದುಬಾರಿ ನಗರಗಳಲ್ಲಿ ಸ್ವಲ್ಪ ಹೆಚ್ಚು. ಬೆಂಬಲದ ಮೊದಲ ಹಂತಕ್ಕೆ ತಿಂಗಳಿಗೆ 5,032 ಅಂಕ, ಆರೈಕೆಯ ಮೊದಲ ಹಂತಕ್ಕೆ 16,765, ಮೂರನೆಯದಕ್ಕೆ 27,048, ಐದನೆಯದಕ್ಕೆ 36,217. ಮೂರನೇ ಹಂತದವರು ಮಿತಿಯಷ್ಟೂ ಬಳಸಿದರೆ ಬಿಲ್ಲು ಸುಮಾರು 2,70,480 ಯೆನ್, ಕೈಯಿಂದ ಹೋಗುವುದು ಅದರ ಹತ್ತನೇ ಒಂದು ಭಾಗ, ಸುಮಾರು 27,000. ಆದಾಯ ಹೆಚ್ಚಿರುವವರಿಗೆ 2015ರಿಂದ ಐದನೇ ಒಂದು, 2018ರಿಂದ ಇನ್ನೂ ಮೇಲಿನವರಿಗೆ ನೂರಕ್ಕೆ 30. ಸಾಮಾನ್ಯ ಕುಟುಂಬಕ್ಕೆ ತಿಂಗಳಿಗೆ 44,400 ಯೆನ್ ದಾಟಿದರೆ ಹೆಚ್ಚಿನದ್ದು ಮರಳಿ ಬರುತ್ತದೆ. ಆದರೆ ಮಿತಿ ಮೀರಿ ಪಡೆದ ಸೇವೆ, ವೃದ್ಧಾಶ್ರಮದ ಊಟ, ಕೋಣೆ ಬಾಡಿಗೆ ಈ ರಕ್ಷಣೆಯೊಳಗೆ ಬರುವುದಿಲ್ಲ. ಕುಟುಂಬಗಳ ಲೆಕ್ಕ ತಪ್ಪುವುದು ಹೆಚ್ಚಾಗಿ ಇಲ್ಲೇ.

ಮನೆಯಲ್ಲಿ ನೋಡಿಕೊಳ್ಳುವ ಸೊಸೆಗೆ ಆ ದುಡ್ಡನ್ನೇ ಕೊಡಬಹುದಲ್ಲ?

ಜರ್ಮನಿ ಕೊಡುತ್ತದೆ. 1995ರಿಂದ ಅಲ್ಲಿ ಆರೈಕೆ ವಿಮೆ ಇದೆ. ಮನೆಯವರೇ ನೋಡಿಕೊಂಡರೆ 2025ರ ದರದಲ್ಲಿ ಎರಡನೇ ಹಂತಕ್ಕೆ ತಿಂಗಳಿಗೆ 347 ಯೂರೊ, ಐದನೇ ಹಂತಕ್ಕೆ 990 ಯೂರೊ ನಗದು. ಜಪಾನಿನಲ್ಲೂ ಕಾಯಿದೆ ಬರೆಯುವಾಗ ಇದೇ ಚರ್ಚೆ ನಡೆಯಿತು. ಹಿಗುಚಿ ಕೆಯಿಕೊ ಅವರಂಥ ಮಹಿಳಾ ಹೋರಾಟಗಾರ್ತಿಯರು ಗಟ್ಟಿಯಾಗಿ ವಿರೋಧಿಸಿದರು. ನಗದು ಕೊಟ್ಟರೆ ಕುಟುಂಬ ಅದನ್ನು ತೆಗೆದುಕೊಂಡು ಅತ್ತೆ-ಮಾವನ ಸೇವೆಯನ್ನು ಮತ್ತೆ ಸೊಸೆಯ ತಲೆಗೇ ಕಟ್ಟುತ್ತದೆ, ಸೇವಾ ಸಂಸ್ಥೆಗಳು ಹುಟ್ಟುವುದೇ ಇಲ್ಲ ಎಂಬುದು ಅವರ ವಾದ. ನಗದು ಬಿಟ್ಟು ಸೇವೆ ಮಾತ್ರ ಎಂದಾಯಿತು. ಅವರು ಹೇಳಿದ್ದು ಸರಿಯಿತ್ತು ಎಂದೇ ನಮಗೆ ಅನ್ನಿಸುತ್ತದೆ. ಬೇಡಿಕೆ ಖಚಿತವಾದ ಮೇಲೆ ಸಣ್ಣ ಊರುಗಳಲ್ಲೂ ಡೇ ಕೇರ್ ಕೇಂದ್ರಗಳು ಎದ್ದವು.

ಆದರೂ ಮನೆಯವರ ಹೊರೆ ಪೂರ್ತಿ ಇಳಿದಿಲ್ಲ. ಆರೈಕೆಗಾಗಿ ಕೆಲಸ ಬಿಡುವವರು ಈಗಲೂ ವರ್ಷಕ್ಕೆ ಸುಮಾರು ಒಂದು ಲಕ್ಷ. ಕಾನೂನು ಕೊಡುವುದು ಆರೈಕೆ ಬೇಕಾದ ಒಬ್ಬ ಸದಸ್ಯರಿಗೆ 93 ದಿನಗಳ ರಜೆ, ಮೂರು ಕಂತುಗಳಲ್ಲಿ ತೆಗೆದುಕೊಳ್ಳಬಹುದು, ಸಂಬಳದ ನೂರಕ್ಕೆ 67 ಭತ್ಯೆ. ಈ 93 ದಿನ ಇರುವುದು ಕೂತು ಸೇವೆ ಮಾಡಲಿಕ್ಕಲ್ಲ, ಅರ್ಜಿ ಹಾಕಿ, ಕೇರ್ ಮ್ಯಾನೇಜರ್ ಹಿಡಿದು, ವ್ಯವಸ್ಥೆ ಕೂರಿಸಿ ಕೆಲಸಕ್ಕೆ ಮರಳಲಿಕ್ಕೆ. ಇದು ತಿಳಿಯದೆ ರಜೆಯನ್ನೆಲ್ಲ ಸೇವೆಯಲ್ಲೇ ಕಳೆದವರು ಕೊನೆಗೆ ರಾಜೀನಾಮೆ ಕೊಡುತ್ತಾರೆ.

ಸರ್ಕಾರಿ ನೆರವಿನ ವೃದ್ಧಾಶ್ರಮಗಳಲ್ಲಿ ಜಾಗ ಸಿಗುತ್ತದೆಯೇ?

2014ರಲ್ಲಿ ಕಾಯುವವರ ಪಟ್ಟಿ ಸುಮಾರು 5.2 ಲಕ್ಷ ಇತ್ತು. 2015ರಿಂದ ಮೂರನೇ ಹಂತ ಮತ್ತು ಮೇಲಿನವರಿಗೆ ಮಾತ್ರ ಎಂದು ನಿಯಮ ಬಿಗಿ ಮಾಡಿದರು. ಪಟ್ಟಿ ಚಿಕ್ಕದಾಯಿತು. ಒಂದು ಮತ್ತು ಎರಡನೇ ಹಂತದ ಒಂಟಿ ಹಿರಿಯರ ಪಾಡು ಮಾತ್ರ ಹಾಗೇ ಉಳಿಯಿತು.

ಆರೈಕೆ ಮಾಡಲು ಜನ ಎಲ್ಲಿಂದ ಬರುತ್ತಾರೆ?

ಈಗ ಎಲ್ಲಕ್ಕಿಂತ ಬಿಗಿಯಾದ ಗಂಟು ಇದೇ. 2022ರಲ್ಲಿ ಆರೈಕೆ ಕೆಲಸಗಾರರು ಸುಮಾರು 21.5 ಲಕ್ಷ ಇದ್ದರು, 2040ಕ್ಕೆ 27.2 ಲಕ್ಷ ಬೇಕು ಎಂಬುದು ಆರೋಗ್ಯ, ಕಾರ್ಮಿಕ ಮತ್ತು ಕಲ್ಯಾಣ ಸಚಿವಾಲಯದ ಲೆಕ್ಕ. ದುಡ್ಡು ಇದ್ದರೂ ಕೈಗಳಿಲ್ಲ. ಸೇವೆಯ ದರ ಸರ್ಕಾರವೇ ಗೊತ್ತು ಮಾಡುವುದರಿಂದ ಸಂಬಳವನ್ನೂ ಪರೋಕ್ಷವಾಗಿ ಸರ್ಕಾರವೇ ಗೊತ್ತು ಮಾಡಿದಂತೆ. ಕಂತು ಏರಬಾರದೆಂದು ದರ ಹಿಡಿದಿಟ್ಟರೆ ಕೆಲಸಗಾರರು ಅಂಗಡಿ, ಗೋದಾಮುಗಳ ಕಡೆ ಹೋಗುತ್ತಾರೆ.

2024ರ ದರ ಪರಿಷ್ಕರಣೆಯನ್ನೇ ನೋಡಿ. ಮನೆಗೆ ಹೋಗಿ ಮಾಡುವ ಆರೈಕೆಯ ಮೂಲ ದರವನ್ನು ಇಳಿಸಿದರು. ಕಾರಣ, ಆ ಸಂಸ್ಥೆಗಳ ಸರಾಸರಿ ಲಾಭ ನೂರಕ್ಕೆ 7.8 ಎಂದು ಸಮೀಕ್ಷೆ ಹೇಳಿತ್ತು, ಒಟ್ಟು ಕ್ಷೇತ್ರದ ಸರಾಸರಿ 2.4. ಆ 7.8ರೊಳಗೆ ಎರಡು ಬಗೆಯ ಸಂಸ್ಥೆಗಳಿವೆ. ಹಿರಿಯರದೇ ವಸತಿ ಸಮುಚ್ಚಯದೊಳಗೆ ಕೆಲಸ ಮಾಡುವ ಸಹಾಯಕಿ ಒಂದು ಬಾಗಿಲಿಂದ ಇನ್ನೊಂದಕ್ಕೆ ಎರಡು ನಿಮಿಷದಲ್ಲಿ ಹೋಗುತ್ತಾಳೆ. ಬೆಟ್ಟದೂರಿನ ಸಹಾಯಕಿ ಎರಡು ಮನೆಗಳ ನಡುವೆ ಅರ್ಧ ಗಂಟೆ ಕಾರು ಓಡಿಸುತ್ತಾಳೆ, ಆ ಅರ್ಧ ಗಂಟೆಗೆ ಅಂಕವಿಲ್ಲ. ಸರಾಸರಿ ನೋಡಿ ದರ ಇಳಿಸಿದಾಗ ಪೆಟ್ಟು ಬಿದ್ದದ್ದು ಎರಡನೆಯವಳ ಸಂಸ್ಥೆಗೆ. ಸಣ್ಣ ಸಂಸ್ಥೆಗಳು ಸಾಲಾಗಿ ಬಾಗಿಲು ಹಾಕಿದವು. ಯಾವ ದೇಶವೇ ಆಗಲಿ, ದರ ಗೊತ್ತು ಮಾಡುವ ಮೊದಲು ಪ್ರಯಾಣದ ಸಮಯವನ್ನು ಬೇರೆಯಾಗಿ ಅಳೆಯಲೇಬೇಕು.

ಪಿಂಚಣಿಯನ್ನು ಹೇಗೆ ಉಳಿಸಿಕೊಂಡರು?

2004ರಲ್ಲಿ ಲೆಕ್ಕವನ್ನೇ ತಿರುಗಿಸಿದರು. ಅಲ್ಲಿಯವರೆಗೆ ಪಿಂಚಣಿ ಇಷ್ಟು ಕೊಡಬೇಕು, ಅದಕ್ಕೆ ಕಂತು ಎಷ್ಟಾಗುತ್ತದೋ ಆಗಲಿ ಎಂದಿತ್ತು. ಆಮೇಲೆ ಕಂತಿಗೆ ಮೇಲ್ಮಿತಿ ಇಟ್ಟರು. ನೌಕರರ ಪಿಂಚಣಿ ಕಂತು ವರ್ಷವರ್ಷ ಸ್ವಲ್ಪ ಏರಿ 2017ರಲ್ಲಿ ಸಂಬಳದ ನೂರಕ್ಕೆ 18.3ಕ್ಕೆ ನಿಂತಿತು, ಅರ್ಧ ಮಾಲೀಕರದ್ದು, ಅರ್ಧ ನೌಕರರದ್ದು. ಬರುವ ಹಣಕ್ಕೆ ಸರಿಯಾಗಿ ಪಿಂಚಣಿಯೇ ಹೊಂದಿಕೊಳ್ಳಬೇಕು. ಬೆಲೆ ಅಥವಾ ಸಂಬಳ ಏರಿದಷ್ಟು ಪಿಂಚಣಿ ಏರಿಸದೆ, ಕಂತು ಕಟ್ಟುವವರು ಕಡಿಮೆಯಾದಷ್ಟು, ಆಯುಸ್ಸು ಹೆಚ್ಚಾದಷ್ಟು ಭಾಗವನ್ನು ಕಳೆದು ಏರಿಸುತ್ತಾರೆ. ಐದು ವರ್ಷಕ್ಕೊಮ್ಮೆ ಮುಂದಿನ 100 ವರ್ಷದ ಲೆಕ್ಕ ತೆಗೆದು ಪ್ರಕಟಿಸಬೇಕು. ದುಡಿಯುವವರ ಸರಾಸರಿ ಆದಾಯದ ಅರ್ಧಕ್ಕಿಂತ ಮಾದರಿ ಕುಟುಂಬದ ಪಿಂಚಣಿ ಕೆಳಗಿಳಿಯಬಾರದು ಎಂಬುದು ನೆಲಮಟ್ಟ.

ಇಲ್ಲೂ ಒಂದು ದೋಷ ಉಳಿದಿತ್ತು. ಬೆಲೆಗಳೇ ಇಳಿಯುವ ವರ್ಷದಲ್ಲಿ ಈ ಕಡಿತ ಮಾಡುವಂತಿಲ್ಲ ಎಂದು ನಿಯಮ ಹಾಕಿದ್ದರು. ಜಪಾನಿನಲ್ಲಿ ಬೆಲೆ ಏರದ ವರ್ಷಗಳೇ ಮುಂದುವರಿದವು. ಹಾಗಾಗಿ ಕಡಿತ ಮೊದಲ ಬಾರಿ ಜಾರಿಯಾದದ್ದು 2015ರಲ್ಲಿ. ಅಂದಿನ ಹಿರಿಯರಿಗೆ ಲೆಕ್ಕಕ್ಕಿಂತ ಹೆಚ್ಚು ಸಿಕ್ಕಿತು, ಅದರ ಭಾರ ಇಂದಿನ ಯುವಕರ ಮೂಲ ಪಿಂಚಣಿಯ ಮೇಲೆ ಕೂತಿತು. ಬಾಕಿ ಕಡಿತವನ್ನು ಮುಂದಿನ ವರ್ಷಕ್ಕೆ ಒಯ್ಯುವ ನಿಯಮ ಬಂದದ್ದು 2018ರಲ್ಲಿ.

ನಿವೃತ್ತಿ ವಯಸ್ಸು ಏರಿಸಿದರೆ ಸಾಕಲ್ಲವೇ?

ಪಿಂಚಣಿ ವಯಸ್ಸು ಏರಿಸಿ ಕೆಲಸದ ವಯಸ್ಸು ಏರಿಸದಿದ್ದರೆ ನಡುವಿನ ವರ್ಷಗಳಲ್ಲಿ ಜನ ಸಂಬಳವೂ ಇಲ್ಲದೆ ಪಿಂಚಣಿಯೂ ಇಲ್ಲದೆ ಕೂರುತ್ತಾರೆ. ಜಪಾನ್ ಎರಡನ್ನೂ ಜೊತೆಜೊತೆಗೆ ಎಳೆಯಿತು. ನೌಕರರ ಪಿಂಚಣಿ ಗಂಡಸರಿಗೆ 60ರಿಂದ 65ಕ್ಕೆ 2001ರಿಂದ 2025ರವರೆಗೆ ಮೆಟ್ಟಿಲು ಮೆಟ್ಟಿಲಾಗಿ ಏರಿತು, ಹೆಂಗಸರಿಗೆ ಐದು ವರ್ಷ ತಡವಾಗಿ. ಅದೇ ಹೊತ್ತಿಗೆ 65ರವರೆಗೆ ಕೆಲಸ ಕೊಡುವುದು ಕಂಪನಿಗಳ ಕರ್ತವ್ಯವಾಯಿತು. 2021ರಿಂದ 70ರವರೆಗೆ ಕೊಡಲು ಪ್ರಯತ್ನಿಸಬೇಕು. ಪಿಂಚಣಿಯನ್ನು 65ರ ಬದಲು ತಡವಾಗಿ ಶುರು ಮಾಡಿದರೆ ಪ್ರತಿ ತಿಂಗಳಿಗೆ ನೂರಕ್ಕೆ 0.7 ಹೆಚ್ಚು, 75ರವರೆಗೆ ಕಾದರೆ 84 ಹೆಚ್ಚು. 60ಕ್ಕೇ ಬೇಕೆಂದರೆ ತಿಂಗಳಿಗೆ 0.4ರಂತೆ ಕಡಿತ. ಚೀನಾ ಕೂಡ 2025ರ ಜನವರಿಯಿಂದ 15 ವರ್ಷಗಳಲ್ಲಿ ಗಂಡಸರ ನಿವೃತ್ತಿಯನ್ನು 60ರಿಂದ 63ಕ್ಕೆ ಒಯ್ಯುತ್ತಿದೆ.

ಕಂಪನಿಗಳು 60ಕ್ಕೆ ನಿವೃತ್ತಿ ಮಾಡಿಸಿ, ಅದೇ ಮೇಜಿಗೆ ಕಡಿಮೆ ಸಂಬಳಕ್ಕೆ ಮತ್ತೆ ಕೂರಿಸುವುದು ಅಲ್ಲಿ ಸಾಮಾನ್ಯವಾಗಿಬಿಟ್ಟಿದೆ. ಇದು ಅನ್ಯಾಯ ಎಂಬುದರಲ್ಲಿ ನಮಗೆ ಸಂಶಯವಿಲ್ಲ.

ತೆರಿಗೆ ಏರಿಸದೆ ಇದೆಲ್ಲ ಸಾಧ್ಯವೇ?

ಇಲ್ಲ. 1989ರಲ್ಲಿ ನೂರಕ್ಕೆ 3ರ ಬಳಕೆ ತೆರಿಗೆ ಬಂತು, 1997ರಲ್ಲಿ 5, 2014ರಲ್ಲಿ 8, 2019ರ ಅಕ್ಟೋಬರಿನಲ್ಲಿ 10. ಕೊನೆಯ ಏರಿಕೆಯನ್ನು ಎರಡು ಸಲ ಮುಂದೂಡಿದರು. ಏರಿಕೆಯ ಹಣ ಪಿಂಚಣಿ, ವೈದ್ಯಕೀಯ, ಆರೈಕೆ, ಮಕ್ಕಳ ಪಾಲನೆ ಈ ನಾಲ್ಕಕ್ಕೇ ಎಂದು ಕಾನೂನಿನಲ್ಲಿ ಬರೆದದ್ದರಿಂದ ಜನ ಗೊಣಗುತ್ತಲಾದರೂ ಒಪ್ಪಿದರು.

ಆರೈಕೆಯ ಅಗತ್ಯವನ್ನೇ ಕಡಿಮೆ ಮಾಡಲು ಆಗುವುದಿಲ್ಲವೇ?

ಸ್ವಲ್ಪ ಮಟ್ಟಿಗೆ ಆಗುತ್ತದೆ, ಅಗ್ಗವಾಗಿಯೂ ಆಗುತ್ತದೆ. ಕೊಚಿ ನಗರಸಭೆ 2002ರಲ್ಲಿ ಶುರು ಮಾಡಿದ ವ್ಯಾಯಾಮ ದೇಶದ ತುಂಬ ಹರಡಿದೆ. ಬೇಕಾದದ್ದು ಕುರ್ಚಿ, ಮಣಿಕಟ್ಟು ಮತ್ತು ಕಣಕಾಲಿಗೆ ಕಟ್ಟುವ ಪಟ್ಟಿ, ಅದರೊಳಗೆ ತೂರಿಸುವ ಸಣ್ಣ ತೂಕದ ಕಡ್ಡಿಗಳು. ಸೊನ್ನೆಯಿಂದ 2.2 ಕಿಲೋವರೆಗೆ ತೂಕವನ್ನು ಮೆಲ್ಲಗೆ ಏರಿಸುತ್ತಾರೆ. ಕುರ್ಚಿಯಲ್ಲಿ ಕೂತು ನಿಧಾನವಾಗಿ ಎಣಿಸುತ್ತ ಕೈ ಎತ್ತುವುದು, ಕಾಲು ಚಾಚುವುದು, ಕುರ್ಚಿಯಿಂದ ಎದ್ದು ಕೂರುವುದು. ಸುಮಾರು ಅರ್ಧ ಗಂಟೆ, ವಾರಕ್ಕೆ ಒಂದೋ ಎರಡೋ ಸಲ, ನಡೆದು ಹೋಗುವಷ್ಟು ಹತ್ತಿರದ ಸಮುದಾಯ ಭವನದಲ್ಲಿ. ನಡೆಸುವವರು ಹಿರಿಯರೇ. ದೂರದ ದೊಡ್ಡ ಜಿಮ್ಮಿನಲ್ಲಿ ಇಟ್ಟಿದ್ದರೆ ಇದು ಬದುಕುತ್ತಿರಲಿಲ್ಲ, ಏಕೆಂದರೆ ಕಾಲು ಸೋತವರಿಗೆ ಬಸ್ಸು ಹತ್ತುವುದೇ ಮೊದಲ ಅಡ್ಡಿ.

2006ರಿಂದ ಜೂನಿಯರ್ ಹೈಸ್ಕೂಲು ವ್ಯಾಪ್ತಿಯಷ್ಟು ಪ್ರದೇಶಕ್ಕೊಂದು ಎಂಬ ಅಳತೆಯಲ್ಲಿ ಸಮುದಾಯ ಬೆಂಬಲ ಕೇಂದ್ರಗಳಿವೆ. ಸಾರ್ವಜನಿಕ ಆರೋಗ್ಯ ನರ್ಸ್, ಸಮಾಜ ಕಾರ್ಯಕರ್ತ, ಹಿರಿಯ ಕೇರ್ ಮ್ಯಾನೇಜರ್ ಈ ಮೂವರು ಇರಲೇಬೇಕು, 3,000ದಿಂದ 6,000 ಹಿರಿಯರಿಗೆ ಒಂದು ತಂಡ. ಎಲ್ಲಿಗೆ ಹೋಗಬೇಕೆಂದು ತಿಳಿಯದ ಮನೆಯವರು ಹೋಗಬೇಕಾದದ್ದು ಅಲ್ಲಿಗೆ.

ಡಿಮೆನ್ಶಿಯಾ ಇರುವವರಿಂದ ಅಪಘಾತವಾದರೆ ಮನೆಯವರು ಹೊಣೆಯೇ?

2007ರಲ್ಲಿ ಆಯಿಚಿ ಪ್ರಾಂತ್ಯದಲ್ಲಿ ಡಿಮೆನ್ಶಿಯಾ ಇದ್ದ 91 ವರ್ಷದ ಹಿರಿಯರೊಬ್ಬರು ಹಳಿಗೆ ಇಳಿದು ರೈಲಿಗೆ ಸಿಕ್ಕರು. ರೈಲು ತಡವಾದ ನಷ್ಟವನ್ನು ರೈಲ್ವೆ ಕಂಪನಿ ಕುಟುಂಬದಿಂದ ಕೇಳಿತು. 2016ರ ಮಾರ್ಚಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ವಯಸ್ಸಾದ ಹೆಂಡತಿಯಾಗಲಿ, ದೂರದಲ್ಲಿದ್ದ ಮಗನಾಗಲಿ ಹೊಣೆಯಲ್ಲ ಎಂದಿತು. ಆಮೇಲೆ ಕೆಲವು ನಗರಸಭೆಗಳು ಡಿಮೆನ್ಶಿಯಾ ಇರುವ ನಿವಾಸಿಗಳ ಪರವಾಗಿ ತಾವೇ ಹೊಣೆಗಾರಿಕೆ ವಿಮೆ ಕೊಳ್ಳತೊಡಗಿದವು. ಪಟ್ಟಣದ ಬಜೆಟ್ಟಿಗೆ ಇದು ಸಣ್ಣ ಖರ್ಚು, ಮನೆಯವರು ಹಿರಿಯರನ್ನು ಬೀಗ ಹಾಕಿ ಕೂಡಿಹಾಕುವುದು ಇದರಿಂದ ತಪ್ಪುತ್ತದೆ.

ಭಾರತ ಮತ್ತು ಕರ್ನಾಟಕ ಈಗ ಎಲ್ಲಿವೆ?

ಜಪಾನ್ 1970ರ ದಶಕದಲ್ಲಿ ನಿಂತಿದ್ದ ಜಾಗದ ಹತ್ತಿರ. 2011ರ ಜನಗಣತಿಯಲ್ಲಿ 60 ದಾಟಿದವರು ದೇಶದಲ್ಲಿ ನೂರಕ್ಕೆ 8.6, ಕರ್ನಾಟಕದಲ್ಲಿ 9.5, ಕೇರಳದಲ್ಲಿ 12.6. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಫಲವಂತಿಕೆ ದರ 1.7. ಅಂದರೆ ದಕ್ಷಿಣದ ಗಡಿಯಾರ ಉತ್ತರಕ್ಕಿಂತ ಮುಂದಿದೆ, ಇಡೀ ದೇಶಕ್ಕೆ ಒಂದೇ ವೇಳಾಪಟ್ಟಿ ಹಾಕಿದರೆ ಇಲ್ಲಿಗೆ ತಡವಾಗುತ್ತದೆ. 70 ದಾಟಿದವರಿಗೆ 2024ರ ಅಕ್ಟೋಬರಿನಿಂದ ಆಯುಷ್ಮಾನ್ ಭಾರತದಡಿ ವರ್ಷಕ್ಕೆ 5 ಲಕ್ಷ ರೂಪಾಯಿಯ ಆಸ್ಪತ್ರೆ ಚಿಕಿತ್ಸೆ ಇದೆ. ಇಂದಿರಾ ಗಾಂಧಿ ವೃದ್ಧಾಪ್ಯ ಪಿಂಚಣಿಗೆ ಕೇಂದ್ರ ಕೊಡುವುದು 79ರವರೆಗೆ ತಿಂಗಳಿಗೆ 200, 80ರಿಂದ 500 ರೂಪಾಯಿ, ಉಳಿದದ್ದನ್ನು ರಾಜ್ಯಗಳು ಸೇರಿಸುತ್ತವೆ. 2007ರ ಕಾಯಿದೆ ತಂದೆ-ತಾಯಿಯ ಪೋಷಣೆಯನ್ನು ಮಕ್ಕಳ ಹೊಣೆ ಮಾಡಿದೆ.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಸ್ನಾನ ಮಾಡಿಸುವವರು ಯಾರು ಎಂಬ ಪ್ರಶ್ನೆಗೆ ಮಾತ್ರ ಈ ಯಾವ ಯೋಜನೆಯಲ್ಲೂ ಉತ್ತರವಿಲ್ಲ. ಆಸ್ಪತ್ರೆ ಉಚಿತವಿದ್ದು ಮನೆಯ ಆರೈಕೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಜಪಾನ್ 1973ರ ನಂತರದ ಹತ್ತು ವರ್ಷಗಳಲ್ಲಿ ತೋರಿಸಿಕೊಟ್ಟಿದೆ. ಹಾಸಿಗೆಗಳು ತುಂಬುವ ಮೊದಲೇ ಮನೆ ಆರೈಕೆಗೆ ತರಬೇತಿ, ದರ, ಉಸ್ತುವಾರಿ ಈ ಮೂರನ್ನೂ ಕೂರಿಸಬೇಕು.

ಜಪಾನಿನಲ್ಲಿ ಕೆಲಸ ಮಾಡುವ ಕನ್ನಡಿಗರೂ ಈ ವಿಮೆ ಕಟ್ಟಬೇಕೆ? ದುಡ್ಡು ವಾಪಸ್ ಬರುತ್ತದೆಯೇ?

ಮೂರು ತಿಂಗಳಿಗಿಂತ ಹೆಚ್ಚು ಕಾಲದ ನಿವಾಸಿಯಾಗಿ ನೋಂದಾಯಿಸಿಕೊಂಡಿದ್ದು 40 ತುಂಬಿದ್ದರೆ ಸಾಮಾನ್ಯವಾಗಿ ಆರೈಕೆ ವಿಮೆಯ ಕಂತು ಆರೋಗ್ಯ ವಿಮೆಯ ಜೊತೆಗೇ ಕಡಿತವಾಗುತ್ತದೆ. 64ರವರೆಗೆ ಸೇವೆ ಸಿಗುವುದು ಪಾರ್ಶ್ವವಾಯು, ಪಾರ್ಕಿನ್ಸನ್, ಎಳೆಯ ವಯಸ್ಸಿನ ಡಿಮೆನ್ಶಿಯಾದಂಥ 16 ಬಗೆಯ ಕಾಯಿಲೆಗಳಿಂದ ಅಗತ್ಯ ಬಿದ್ದಾಗ ಮಾತ್ರ. ದೇಶ ಬಿಟ್ಟರೆ ಈ ಕಂತು ಮರಳಿ ಬರುವುದಿಲ್ಲ.

ಪಿಂಚಣಿಯ ಲೆಕ್ಕ ಬೇರೆ. ಭಾರತ-ಜಪಾನ್ ಸಾಮಾಜಿಕ ಭದ್ರತಾ ಒಪ್ಪಂದ 2016ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಭಾರತದ ಕಂಪನಿ ಐದು ವರ್ಷದವರೆಗಿನ ಅವಧಿಗೆ ಕಳಿಸಿದ್ದರೆ, ಹೊರಡುವ ಮೊದಲೇ ನೌಕರರ ಭವಿಷ್ಯ ನಿಧಿ ಸಂಸ್ಥೆಯಾದ ಇಪಿಎಫ್‌ಒದಿಂದ ವ್ಯಾಪ್ತಿ ಪ್ರಮಾಣಪತ್ರ (ಭಾರತದ ಪಿಂಚಣಿ ವ್ಯವಸ್ಥೆಯಲ್ಲೇ ಇದ್ದಾರೆ ಎಂಬ ಪತ್ರ) ತೆಗೆದುಕೊಂಡರೆ ಅಲ್ಲಿ ಪಿಂಚಣಿ ಕಂತು ಕಟ್ಟಬೇಕಿಲ್ಲ. ಅಲ್ಲಿನ ಕಂಪನಿಯಲ್ಲೇ ಕೆಲಸಕ್ಕೆ ಸೇರಿದ್ದರೆ ಕಟ್ಟಲೇಬೇಕು. ಹಿಂತಿರುಗಿದ ಮೇಲೆ ಎರಡು ವರ್ಷದೊಳಗೆ ಅರ್ಜಿ ಹಾಕಿದರೆ ಒಂದು ಮೊತ್ತ ವಾಪಸ್ ಸಿಗುತ್ತದೆ. ಆದರೆ 2021ರಿಂದ ಅದರ ಲೆಕ್ಕಕ್ಕೆ ಹಿಡಿಯುವುದು ಹೆಚ್ಚೆಂದರೆ ಐದು ವರ್ಷ. ಆ ಮೊತ್ತ ತೆಗೆದುಕೊಂಡರೆ ಅಷ್ಟೂ ಅವಧಿ ದಾಖಲೆಯಿಂದ ಅಳಿಸಿಹೋಗುತ್ತದೆ, ಮುಂದೆ ಎರಡೂ ದೇಶಗಳ ವರ್ಷಗಳನ್ನು ಕೂಡಿಸಿ 10 ವರ್ಷದ ಅರ್ಹತೆ ತುಂಬಿಸಿಕೊಳ್ಳಲು ಬರುವುದಿಲ್ಲ. ಏಳೆಂಟು ವರ್ಷ ದುಡಿದವರು ಅರ್ಜಿಗೆ ಸಹಿ ಹಾಕುವ ಮೊದಲು ಎರಡೂ ದಾರಿಯ ಮೊತ್ತವನ್ನು ಪಕ್ಕಪಕ್ಕದಲ್ಲಿ ಬರೆದು ನೋಡಬೇಕು.